ಲಿಗ್ನಿನ್ನಿನ ಹೆಣಿಗೆ: ಆಕಸ್ಮಿಕದಿಂದ ಕ್ರಮ ಹುಟ್ಟೀತೇ?

ಮುಳ್ಳಿನ ಮೊನೆಗೆ, ತೆಂಗಿನ ಚಿಪ್ಪಿಗೆ, ತೇಗದ ಚೇಗಿಗೆ ಗಟ್ಟಿತನ ಕೊಡುವ ವಸ್ತುಗಳಲ್ಲಿ ಮುಖ್ಯವಾದುದು ಲಿಗ್ನಿನ್. ಸಸ್ಯದ ಕೋಶಭಿತ್ತಿಯಲ್ಲಿ ಸೆಲ್ಯುಲೋಸ್ ಎಳೆಗಳ ನಡುವಿನ ತೆರಪನ್ನು ತುಂಬಿ, ಅಲ್ಲಿಂದ ನೀರನ್ನು ಹೊರಗಟ್ಟಿ, ಭಿತ್ತಿಯನ್ನು ಬಿಗಿಗೊಳಿಸುವ ಪಾಲಿಮರ್ ಇದು. ಭೂಮಿಯ ಮೇಲಿನ ಜೈವಿಕ ಪಾಲಿಮರ್‌ಗಳಲ್ಲಿ ಪ್ರಮಾಣದ ದೃಷ್ಟಿಯಿಂದ ಸೆಲ್ಯುಲೋಸಿನ ನಂತರದ ಸ್ಥಾನ ಇದರದು. ಒಣಗಿದ ಮರದ ತೂಕದಲ್ಲಿ ಸಾಮಾನ್ಯವಾಗಿ ಶೇ. 20ರಿಂದ 30ರಷ್ಟು ಲಿಗ್ನಿನ್ ಇರುತ್ತದೆ. ಇದಕ್ಕೆ ಈ ಹೆಸರಿಟ್ಟವನು ಸ್ವಿಸ್ ಸಸ್ಯವಿಜ್ಞಾನಿ ಡಿ ಕಾಂಡೋಲ್, 1813ರಲ್ಲಿ.

ಮುಳ್ಳಿನ ಮೊನೆ ಭಾರತೀಯ ತತ್ತ್ವಶಾಸ್ತ್ರದ ಒಂದು ಹಳೆಯ ವಾದದಲ್ಲೂ ಬರುತ್ತದೆ. ನ್ಯಾಯಸೂತ್ರದ ನಾಲ್ಕನೆಯ ಅಧ್ಯಾಯದಲ್ಲಿ ಪೂರ್ವಪಕ್ಷದವನು ಅದನ್ನೇ ಉದಾಹರಣೆಯಾಗಿ ಮುಂದಿಡುತ್ತಾನೆ. ಮುಳ್ಳು ಚೂಪಾಗಿದೆ, ಆದರೆ ಅದನ್ನು ಚೂಪು ಮಾಡಿದವರು ಯಾರೂ ಕಾಣುವುದಿಲ್ಲ. ಆದ್ದರಿಂದ ವಸ್ತುಗಳು ನಿಮಿತ್ತವಿಲ್ಲದೆಯೇ ಉಂಟಾಗುತ್ತವೆ ಎಂಬುದು ಅವನ ವಾದ. ಶ್ವೇತಾಶ್ವತರ ಉಪನಿಷತ್ತು ಇದೇ ಪ್ರಶ್ನೆಯನ್ನು ಇನ್ನೂ ವಿಶಾಲವಾಗಿ ಎತ್ತಿಕೊಂಡು, ಜಗತ್ತಿನ ಮೂಲಕಾರಣವಾಗಬಲ್ಲವುಗಳ ಪಟ್ಟಿಯಲ್ಲಿ ಕಾಲ, ಸ್ವಭಾವ, ನಿಯತಿ, ಯದೃಚ್ಛೆ, ಪಂಚಭೂತ, ಪುರುಷ ಇವುಗಳನ್ನು ಹೆಸರಿಸುತ್ತದೆ. ಈ ಪಟ್ಟಿಯಲ್ಲಿ ಯದೃಚ್ಛೆ ಎಂದರೆ ಆಕಸ್ಮಿಕ.

ಜೀವಿಗಳಲ್ಲಿ ಕಾಣುವ ಕ್ರಮಕ್ಕೆ ಕಾರಣ ಯಾವುದು? ನಿಯಮವೋ, ವಸ್ತುವಿನ ಸ್ವಭಾವವೋ, ಆಕಸ್ಮಿಕವೋ, ಉದ್ದೇಶವೋ? ಈ ಪ್ರಶ್ನೆಯನ್ನು ಪರೀಕ್ಷಿಸಲು ಲಿಗ್ನಿನ್‌ನಂಥ ಉದಾಹರಣೆ ಅಪರೂಪ. ಪ್ರೋಟೀನಿನಲ್ಲಿ ಮತ್ತು ಡಿಎನ್‌ಎಯಲ್ಲಿ ಪ್ರತಿ ಘಟಕದ ಸ್ಥಾನವೂ ಮೊದಲೇ ಗೊತ್ತಾಗಿರುತ್ತದೆ. ಲಿಗ್ನಿನ್ನಿನಲ್ಲಿ ಹಾಗಿಲ್ಲ. ಅದರ ತಯಾರಿಯ ಕೆಲವು ಹಂತಗಳು ಕಟ್ಟುನಿಟ್ಟಾದ ನಿಯಮದಲ್ಲಿ ನಡೆದರೆ, ಕೊನೆಯ ಹಂತ ಬಹುಮಟ್ಟಿಗೆ ಆಕಸ್ಮಿಕಕ್ಕೆ ಬಿಟ್ಟದ್ದು. ಎರಡೂ ಒಂದೇ ಭಿತ್ತಿಯ ಕಟ್ಟೋಣದಲ್ಲಿ, ಒಂದರ ಪಕ್ಕದಲ್ಲೊಂದು, ಬೇರೆಬೇರೆಯಾಗಿ ಗುರುತಿಸಲು ಬರುವಂತೆ ನಡೆಯುತ್ತವೆ.

ಘಟಕಗಳ ತಯಾರಿ: ನಿಯಮದ ನೆಲೆ

ಲಿಗ್ನಿನ್ನಿನ ತಯಾರಿ ಫೀನೈಲ್‌ಅಲನಿನ್ ಎಂಬ ಅಮೈನೋ ಆಮ್ಲದಿಂದ ಶುರುವಾಗುತ್ತದೆ. ಸಸ್ಯಗಳು ಇದನ್ನು ಪ್ಲಾಸ್ಟಿಡ್‌ಗಳಲ್ಲಿ, ಶಿಕಿಮೇಟ್ ಮಾರ್ಗದ ಮೂಲಕ ತಯಾರಿಸಿಕೊಳ್ಳುತ್ತವೆ. ಫೀನೈಲ್‌ಅಲನಿನ್ ಅಮೋನಿಯಾ ಲಯೇಸ್ ಎಂಬ ಕಿಣ್ವ ಅದರಿಂದ ಅಮೋನಿಯಾವನ್ನು ಕಳಚಿ ಸಿನ್ನಮಿಕ್ ಆಮ್ಲವನ್ನು ಕೊಡುತ್ತದೆ. ಮುಂದಿನ ಕಿಣ್ವ ಅದಕ್ಕೊಂದು ಹೈಡ್ರಾಕ್ಸಿಲ್ ಗುಂಪನ್ನು ಸೇರಿಸಿದಾಗ ಪ್ಯಾರಾ-ಕೂಮರಿಕ್ ಆಮ್ಲ ಸಿಗುತ್ತದೆ. ಹುಲ್ಲಿನ ಜಾತಿಯ ಸಸ್ಯಗಳು ಟೈರೋಸಿನ್ ಎಂಬ ಇನ್ನೊಂದು ಅಮೈನೋ ಆಮ್ಲದಿಂದ ಹೊರಟು ಒಂದು ಹೆಜ್ಜೆ ಉಳಿಸಿ ಇದೇ ಹಂತಕ್ಕೆ ಬರಬಲ್ಲವು. ಅಲ್ಲಿಂದ ಮುಂದೆ ಒಂದರ ಹಿಂದೊಂದು ಕಿಣ್ವಗಳು ಉಂಗುರಕ್ಕೆ ಮೀಥಾಕ್ಸಿ ಗುಂಪುಗಳನ್ನು ಸೇರಿಸುತ್ತವೆ, ಬಾಲದ ತುದಿಯ ಆಮ್ಲವನ್ನು ಮೊದಲು ಆಲ್ಡಿಹೈಡ್, ಆಮೇಲೆ ಆಲ್ಕೋಹಾಲ್ ಆಗಿ ಮಾರ್ಪಡಿಸುತ್ತವೆ.

ಕೊನೆಗೆ ಸಿಗುವ ಮುಖ್ಯ ಘಟಕಗಳು ಮೂರು: ಪ್ಯಾರಾ-ಕೂಮರಿಲ್, ಕೋನಿಫೆರಿಲ್ ಮತ್ತು ಸಿನಾಪಿಲ್ ಆಲ್ಕೋಹಾಲ್‌ಗಳು. ಇವುಗಳಿಗೆ ಒಟ್ಟಾಗಿ ಮಾನೋಲಿಗ್ನಾಲ್‌ಗಳೆಂದು ಹೆಸರು. ಮೊದಲನೆಯದರಲ್ಲಿ ಮೀಥಾಕ್ಸಿ ಗುಂಪು ಇಲ್ಲ, ಎರಡನೆಯದರಲ್ಲಿ ಒಂದು, ಮೂರನೆಯದರಲ್ಲಿ ಎರಡು. ಅವುಗಳ ನಡುವಿನ ವ್ಯತ್ಯಾಸ ಇಷ್ಟೇ. ಪೈನ್‌ನಂಥ ಸೂಚಿಪರ್ಣಿ ಮರಗಳ ಲಿಗ್ನಿನ್ ಹೆಚ್ಚಾಗಿ ಕೋನಿಫೆರಿಲ್ ಘಟಕಗಳಿಂದಾದದ್ದು. ತೇಗ, ಹಲಸಿನಂಥ ಅಗಲ ಎಲೆಯ ಮರಗಳಲ್ಲಿ ಕೋನಿಫೆರಿಲ್ ಮತ್ತು ಸಿನಾಪಿಲ್ ಎರಡೂ ಕೂಡಿರುತ್ತವೆ.

ಈ ಹಂತದವರೆಗೆ ಆಕಸ್ಮಿಕಕ್ಕೆ ಎಡೆಯೇ ಇಲ್ಲ. ಪ್ರತಿ ಕಿಣ್ವದ ರಚನೆಯನ್ನು ಒಂದು ಜೀನ್ ಗೊತ್ತುಮಾಡುತ್ತದೆ. ಆ ಕಿಣ್ವ ತನಗೆ ಹೊಂದುವ ಅಣುವನ್ನು ಹಿಡಿದು, ಗೊತ್ತಾದ ಜಾಗದಲ್ಲಿ, ಗೊತ್ತಾದ ಬದಲಾವಣೆಯನ್ನೇ ಮಾಡುತ್ತದೆ.

ಕಾಲ ಮತ್ತು ಸ್ಥಳ: ನಿಮಿತ್ತದ ಪ್ರಶ್ನೆ

ಎಳೆಯ ಕಾಂಡದ ತೆಳುವಾದ ಅಡ್ಡಸೀಳನ್ನು ಫ್ಲೋರೊಗ್ಲುಸಿನಾಲ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಸ್ವಲ್ಪ ಹೊತ್ತಿನಲ್ಲೇ ಲಿಗ್ನಿನ್ ಇರುವ ಕಡೆಗಳಲ್ಲೆಲ್ಲ ಕೆನ್ನೇರಳೆಗೆ ತಿರುಗುವ ಕೆಂಪು ಬಣ್ಣ ಏರುತ್ತದೆ. ನೀರು ಸಾಗಿಸುವ ನಾಳಗಳು ಕೆಂಪು ಬಳೆಗಳಂತೆ ಒಡೆದು ಕಾಣುತ್ತವೆ. ಅವುಗಳ ಪಕ್ಕದಲ್ಲೇ ಇರುವ, ತೆಳುಭಿತ್ತಿಯ ತಿರುಳಿನ ಕೋಶಗಳು ಬಣ್ಣ ಹಿಡಿಯದೆ ಉಳಿಯುತ್ತವೆ. ಉದ್ದಸೀಳಿನಲ್ಲಿ ನೋಡಿದರೆ ಮೊದಮೊದಲು ಹುಟ್ಟಿದ ನಾಳಗಳ ಒಳಮೈಯಲ್ಲಿ ಕೆಂಪು ಬಣ್ಣ ಸುರುಳಿ ಸುರುಳಿಯಾಗಿ ಸುತ್ತಿರುತ್ತದೆ. ಒಂದು ಸುರುಳಿಗೂ ಇನ್ನೊಂದಕ್ಕೂ ನಡುವೆ ಬರಿಯ ತೆಳುಭಿತ್ತಿ. ಲಿಗ್ನಿನ್ ಎಲ್ಲೆಂದರಲ್ಲಿ ಕೂರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಈ ವಿನ್ಯಾಸದ ಹಿಂದಿನ ಕಾರಣಗಳು ಈಗ ಬಹುಮಟ್ಟಿಗೆ ತಿಳಿದಿವೆ. ಒಂದು ಕೋಶ ಜಲನಾಳದ ಕೋಶವಾಗಬೇಕೆಂದು ತೀರ್ಮಾನಿಸುವ ನಿಯಂತ್ರಕ ಜೀನ್‌ಗಳನ್ನು ಜಪಾನಿನ ವಿಜ್ಞಾನಿಗಳು 2005ರಲ್ಲಿ ಗುರುತಿಸಿದರು. ಇವು ಚಾಲೂ ಆದಾಗ ಕೋಶದೊಳಗಿನ ಸೂಕ್ಷ್ಮನಾಳಿಕೆಗಳು ಪಟ್ಟಿಗಳಾಗಿ ಜೋಡಿಸಿಕೊಳ್ಳುತ್ತವೆ. ಆ ಪಟ್ಟಿಗಳ ನೇರಕ್ಕೆ ಹೊರಗೆ ಸೆಲ್ಯುಲೋಸ್ ಎರಕವಾಗುತ್ತದೆ. ಲ್ಯಾಕೇಸ್ ಎಂಬ ಕಿಣ್ವ ಅದೇ ಪಟ್ಟಿಗಳಲ್ಲಿ ನೆಲೆಯೂರುತ್ತದೆ. ಮಾನೋಲಿಗ್ನಾಲ್‌ಗಳು ಭಿತ್ತಿಯಲ್ಲಿ ಅತ್ತಿತ್ತ ಹರಡಬಲ್ಲವು, ಆದರೆ ಲ್ಯಾಕೇಸ್ ತನ್ನ ಜಾಗ ಬಿಟ್ಟು ಕದಲುವುದಿಲ್ಲ. ಹೀಗಾಗಿ ಲಿಗ್ನಿನ್ ಎಲ್ಲಿ ಕಟ್ಟಬೇಕು ಎಂಬುದನ್ನು ಕಿಣ್ವದ ನೆಲೆ ನಿರ್ಧರಿಸುತ್ತದೆ.

ಬೇರಿನಲ್ಲಿ ಈ ಕರಾರುವಾಕ್ಕುತನ ಇನ್ನೂ ಹೆಚ್ಚು. ಬೇರಿನ ಒಳಪದರದ ಪ್ರತಿ ಕೋಶದ ಸುತ್ತ, ನೆರೆಕೋಶಗಳ ಪಟ್ಟಿಗೆ ಸರಿಯಾಗಿ ಕೂಡುವಂತೆ, ಲಿಗ್ನಿನ್ನಿನ ಒಂದು ಕಿರಿದಾದ ಪಟ್ಟಿ ಬೀಳುತ್ತದೆ. ಮಣ್ಣಿನ ನೀರು ಮತ್ತು ಲವಣಗಳು ಭಿತ್ತಿಗಳ ಸಂದಿಯಲ್ಲಿ ನುಸುಳದಂತೆ ತಡೆಯುವ ಈ ಕ್ಯಾಸ್ಪರಿ ಪಟ್ಟಿಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ವಿವರಿಸಿದವರು ಜರ್ಮನ್ ಸಸ್ಯವಿಜ್ಞಾನಿ ರಾಬರ್ಟ್ ಕ್ಯಾಸ್ಪರಿ. ಕೋಶಪೊರೆಯಲ್ಲಿ ಮೊದಲು ಒಂದು ಪ್ರೋಟೀನ್ ವರ್ಗ ಉಂಗುರವಾಗಿ ಸೇರುತ್ತದೆ. ಲಿಗ್ನಿನ್ ಕಟ್ಟುವ ಕಿಣ್ವಗಳು ಆ ಉಂಗುರದ ಗುರುತಿಗೆ ಬಂದು ನಿಲ್ಲುತ್ತವೆ.

ನಾಳದ ಕೋಶದ ಕಥೆಯಲ್ಲಿ ಸಾವು ಕೂಡ ಕ್ರಮದ ಒಂದು ಭಾಗ. ಭಿತ್ತಿ ದಪ್ಪವಾಗುತ್ತಿದ್ದಂತೆ ಕೋಶದ ರಸಕುಹರ ಒಡೆದು, ಒಳಗಿನ ಜೀರ್ಣಕಿಣ್ವಗಳು ಹೊರಬಂದು, ಜೀವದ್ರವ್ಯವನ್ನೆಲ್ಲ ಕರಗಿಸುತ್ತವೆ. ಉಳಿಯುವುದು ಟೊಳ್ಳಾದ ಕೊಳವೆ. ಕೋಶ ಸತ್ತ ಮೇಲೂ ಅದರ ಭಿತ್ತಿಯಲ್ಲಿ ಲಿಗ್ನಿನ್ ಕಟ್ಟುವುದು ಮುಂದುವರಿಯುತ್ತದೆ. ಅದಕ್ಕೆ ಬೇಕಾದ ಘಟಕಗಳನ್ನು ಬದುಕಿರುವ ನೆರೆಕೋಶಗಳು ಒದಗಿಸುತ್ತವೆ.

ಹತ್ತನೆಯ ಶತಮಾನದ ನೈಯಾಯಿಕ ಉದಯನ ತನ್ನ ನ್ಯಾಯಕುಸುಮಾಂಜಲಿಯಲ್ಲಿ ಆಕಸ್ಮಿಕವಾದಿಗೆ ಕೊಡುವ ಉತ್ತರ ಇಲ್ಲಿ ಹೊಂದುತ್ತದೆ. ಕಾರಣವಿಲ್ಲದೆ ಹುಟ್ಟುವ ವಸ್ತು ಯಾವಾಗಲೂ ಇರಬೇಕು, ಇಲ್ಲವೇ ಎಂದೂ ಇರಬಾರದು. ಕೆಲವೊಮ್ಮೆ ಮಾತ್ರ, ಕೆಲವೆಡೆ ಮಾತ್ರ ಹುಟ್ಟುವುದು ಕಾರಣವನ್ನು ಅಪೇಕ್ಷಿಸುತ್ತದೆ ಎಂಬುದು ಆ ಉತ್ತರದ ಸಾರ. ಲಿಗ್ನಿನ್ ಈ ಮಾತಿಗೆ ಪೂರ್ತಿಯಾಗಿ ಒಪ್ಪುತ್ತದೆ. ಅದು ಗೊತ್ತಾದ ಕೋಶದಲ್ಲಿ, ಗೊತ್ತಾದ ವಯಸ್ಸಿನಲ್ಲಿ, ಗೊತ್ತಾದ ಪಟ್ಟಿಯಲ್ಲಿ ಹುಟ್ಟುತ್ತದೆ. ಮುಳ್ಳನ್ನು ಚೂಪು ಮಾಡಿದ ಕೈ ಕಾಣದಿರಬಹುದು, ಆದರೆ ಮುಳ್ಳಿನ ಗಟ್ಟಿತನಕ್ಕೆ ನಿಮಿತ್ತಗಳಿವೆ. ಆಕಸ್ಮಿಕವನ್ನು ‘ಕಾರಣವೇ ಇಲ್ಲದ್ದು’ ಎಂಬ ಅರ್ಥದಲ್ಲಿ ತೆಗೆದುಕೊಂಡರೆ ಪೂರ್ವಪಕ್ಷ ಇಲ್ಲಿಗೇ ಮುಗಿಯುತ್ತದೆ.

ಬೆಸುಗೆ: ಯದೃಚ್ಛೆಯ ನೆಲೆ

ಆದರೆ ಆಕಸ್ಮಿಕಕ್ಕೆ ಇನ್ನೊಂದು ಅರ್ಥವೂ ಉಂಟು: ಕಾರಣವಿದ್ದರೂ, ಸಾಧ್ಯವಿರುವ ಹಲವು ಫಲಗಳಲ್ಲಿ ಯಾವುದು ಎಂಬುದು ಮೊದಲೇ ಗೊತ್ತಾಗಿಲ್ಲದಿರುವುದು. ಲಿಗ್ನಿನ್ನಿನ ಕೊನೆಯ ಹಂತ ಈ ಅರ್ಥದಲ್ಲಿ ಆಕಸ್ಮಿಕ.

ಭಿತ್ತಿಗೆ ಬಂದ ಮಾನೋಲಿಗ್ನಾಲ್‌ನಿಂದ ಲ್ಯಾಕೇಸ್ ಆಮ್ಲಜನಕವನ್ನು ಬಳಸಿ, ಇಲ್ಲವೇ ಪೆರಾಕ್ಸಿಡೇಸ್ ಹೈಡ್ರೋಜನ್ ಪೆರಾಕ್ಸೈಡ್ ಬಳಸಿ, ಒಂದು ಎಲೆಕ್ಟ್ರಾನನ್ನು ಕಸಿಯುತ್ತದೆ. ಆಗ ಆ ಅಣು ಜೊತೆಯಿಲ್ಲದ ಎಲೆಕ್ಟ್ರಾನ್ ಹೊತ್ತ ರ‍್ಯಾಡಿಕಲ್ ಆಗುತ್ತದೆ. ಈ ಒಂಟಿ ಎಲೆಕ್ಟ್ರಾನ್ ಅಣುವಿನ ಒಂದೇ ಪರಮಾಣುವಿನಲ್ಲಿ ನಿಲ್ಲದೆ ಹಲವು ಕಡೆ ಹಂಚಿಕೊಂಡಿರುತ್ತದೆ. ಇಂಥ ಎರಡು ರ‍್ಯಾಡಿಕಲ್‌ಗಳು ಎದುರಾದಾಗ ಯಾವ ತಾಣ ಯಾವ ತಾಣಕ್ಕೆ ಅಂಟುತ್ತದೆ ಎಂಬುದರ ಮೇಲೆ ಬಂಧದ ಬಗೆ ನಿಂತಿದೆ. ಬೀಟಾ-ಒ-4 ಎಂಬ ಬಂಧ ಎಲ್ಲಕ್ಕಿಂತ ಸಾಮಾನ್ಯ. ಬೀಟಾ-5, ಬೀಟಾ-ಬೀಟಾ, 5-5 ಮುಂತಾದವು ಕಡಿಮೆ ಪ್ರಮಾಣದಲ್ಲಿರುತ್ತವೆ. ರ‍್ಯಾಡಿಕಲ್ ತಯಾರಾಗಲು ಕಿಣ್ವ ಬೇಕು. ಬೆಸುಗೆಯ ಕ್ಷಣದಲ್ಲಿ ಮಾತ್ರ ಕಿಣ್ವದ ಕೈ ಅಲ್ಲಿಲ್ಲ. ಅಲ್ಲಿ ಆಳುವುದು ಘಟಕಗಳ ಸಾಂದ್ರತೆ, ಆಮ್ಲೀಯತೆ, ಸುತ್ತಲಿನ ಭಿತ್ತಿಯ ರಾಸಾಯನಿಕ ಪರಿಸರ.

ಈ ನೋಟಕ್ಕೆ ತಳಹದಿ ಹಾಕಿದವರು ಮೂವರು. ಲಿಗ್ನಿನ್‌ಗೂ ಕೋನಿಫೆರಿಲ್ ಆಲ್ಕೋಹಾಲಿಗೂ ನಂಟಿದೆ ಎಂದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸೂಚಿಸಿದವರು ಸ್ವೀಡನ್ನಿನ ಪೀಟರ್ ಕ್ಲಾಸನ್. ಇಂಥ ಘಟಕಗಳು ಆಕ್ಸಿಡೀಕರಣದಿಂದ ಕೂಡಿ ಲಿಗ್ನಿನ್ ಆಗುತ್ತವೆಂದು 1933ರಲ್ಲಿ ಹೇಳಿದವರು ಹೋಲ್ಗರ್ ಎರ್ಟ್‌ಮನ್. ಅದನ್ನು ಪ್ರಯೋಗದಿಂದ ಬೆಂಬಲಿಸಿದವರು ಹೈಡೆಲ್‌ಬರ್ಗ್‌ನ ಕಾರ್ಲ್ ಫ್ರಾಯ್ಡನ್‌ಬರ್ಗ್. ಅಣಬೆಯಿಂದ ತೆಗೆದ ಕಿಣ್ವವನ್ನು ಕೋನಿಫೆರಿಲ್ ಆಲ್ಕೋಹಾಲಿನ ಜೊತೆ ಸೇರಿಸಿ ಗಾಜಿನ ಪಾತ್ರೆಯಲ್ಲೇ ಅವರು ಲಿಗ್ನಿನ್ ಹೋಲುವ ಪಾಲಿಮರ್ ಪಡೆದರು. ಮರವೂ ಇಲ್ಲ, ಅಚ್ಚೂ ಇಲ್ಲ. ಆದರೂ ಅದೇ ಬಗೆಯ ಬಂಧಗಳು ಅಲ್ಲಿದ್ದವು.

ಯದೃಚ್ಛೆಯ ಗುರುತು ಲಿಗ್ನಿನ್ನಿನ ಮೈಯಲ್ಲೇ ಇದೆ. ಕಿಣ್ವಗಳು ತಯಾರಿಸುವ ಜೈವಿಕ ಅಣುಗಳಿಗೆ ಸಾಮಾನ್ಯವಾಗಿ ಎಡಗೈ-ಬಲಗೈಗಳಂಥ ಎರಡು ರೂಪಗಳಲ್ಲಿ ಒಂದೇ ಇರುತ್ತದೆ. ಅಂಥ ವಸ್ತು ಧ್ರುವೀಕೃತ ಬೆಳಕನ್ನು ಒಂದು ಬದಿಗೆ ತಿರುಗಿಸುತ್ತದೆ. ಲಿಗ್ನಿನ್ ಹಾಗೆ ತಿರುಗಿಸುವುದಿಲ್ಲ. ಎರಡೂ ರೂಪಗಳು ಅದರಲ್ಲಿ ಸಮಸಮವಾಗಿ ಬೆರೆತಿವೆ. ಸಾಧ್ಯತೆಗಳ ಎಣಿಕೆಯೂ ಇದನ್ನೇ ಹೇಳುತ್ತದೆ. ಒಂದು ಬೀಟಾ-ಒ-4 ಬೆಸುಗೆ, ಎಡ-ಬಲ ರೂಪಗಳಿಗೆ ಎಡೆಮಾಡುವ ಎರಡು ಕೈರಲ್ ಕೇಂದ್ರಗಳನ್ನು ಹುಟ್ಟಿಸುತ್ತದೆ, ಅಂದರೆ ನಾಲ್ಕು ರೂಪಗಳ ಸಾಧ್ಯತೆ. ಇಂಥ ಹತ್ತೇ ಬೆಸುಗೆಗಳ ಸರಪಳಿಗೆ 10,48,576 ರೂಪಗಳು ಸಾಧ್ಯ. ಬೇರೆ ಬಗೆಯ ಬಂಧಗಳನ್ನೂ ಮೂರು ಘಟಕಗಳ ಅದಲುಬದಲನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ಒಂದು ಮರದಲ್ಲಿ ಪೂರ್ತಿ ಒಂದೇ ತೆರನಾದ ಎರಡು ದೊಡ್ಡ ಲಿಗ್ನಿನ್ ಅಣುಗಳು ಸಿಗುವ ಸಂಭವ ತೀರಾ ಕಡಿಮೆ.

ಇದಕ್ಕೆ ವಿರೋಧವೂ ಬಂತು. 1997ರಲ್ಲಿ ಅಮೆರಿಕದ ನಾರ್ಮನ್ ಲೂಯಿಸ್ ಮತ್ತು ಸಂಗಡಿಗರು ಫಾರ್ಸಿಥಿಯಾ ಗಿಡದಲ್ಲಿ ಡಿರಿಜೆಂಟ್ ಎಂಬ ಪ್ರೋಟೀನನ್ನು ವರದಿ ಮಾಡಿದರು. ತಾನೇ ಆಕ್ಸಿಡೀಕರಿಸದ ಈ ಪ್ರೋಟೀನ್, ಎರಡು ಕೋನಿಫೆರಿಲ್ ರ‍್ಯಾಡಿಕಲ್‌ಗಳನ್ನು ಹಿಡಿದು ಒಂದೇ ಕೈರೂಪದ ಪೈನೊರೆಸಿನಾಲ್ ಆಗುವಂತೆ ಕೂಡಿಸುತ್ತದೆ. ಲಿಗ್ನಿನ್ನಿನ ಬೆಸುಗೆಯನ್ನೂ ಇಂಥದೇ ಪ್ರೋಟೀನ್‌ಗಳು ಅಚ್ಚಿನಂತೆ ನಿಂತು ನಡೆಸುತ್ತವೆ ಎಂಬ ವಾದ ಇಲ್ಲಿಂದ ಬಲಗೊಂಡಿತು. ಜಾನ್ ರಾಲ್ಫ್ ಮುಂತಾದವರು ಲಿಗ್ನಿನ್ನಿನಲ್ಲಿ ಕೈರೂಪದ ಒಲವು ಕಾಣದಿರುವುದನ್ನು ತೋರಿಸಿ ಅದನ್ನು ಅಲ್ಲಗಳೆದರು. ಮುಂದೆ ಕ್ಯಾಸ್ಪರಿ ಪಟ್ಟಿಯಲ್ಲಿ ಲಿಗ್ನಿನ್ ಸರಿಯಾಗಿ ಕಟ್ಟಲು ಡಿರಿಜೆಂಟ್ ವರ್ಗದ ಪ್ರೋಟೀನ್‌ಗಳು ಬೇಕೆಂಬುದು ಖಚಿತವಾಯಿತು. ನಿಯಂತ್ರಣದ ವ್ಯಾಪ್ತಿ ಮೊದಲು ಎಣಿಸಿದ್ದಕ್ಕಿಂತ ದೊಡ್ಡದು ಎಂದು ಇದರಿಂದ ಒಪ್ಪಬೇಕಾಗುತ್ತದೆ. ಆದರೆ ಮರದ ಲಿಗ್ನಿನ್ನಿನ ಪ್ರತಿ ಬಂಧವೂ ಮೊದಲೇ ಬರೆದಿಟ್ಟದ್ದು ಎಂಬ ಮಾತು ಅದರಿಂದ ಸಿದ್ಧವಾಗುವುದಿಲ್ಲ.

ಅರಿಸ್ಟಾಟಲನ ವಾದ

ಪಾಶ್ಚಾತ್ಯ ತತ್ತ್ವಶಾಸ್ತ್ರದಲ್ಲಿ ಈ ಪ್ರಶ್ನೆಯ ಪ್ರಸಿದ್ಧ ಚರ್ಚೆ ಇರುವುದು ಅರಿಸ್ಟಾಟಲನ ಭೌತಶಾಸ್ತ್ರ ಗ್ರಂಥದ ಎರಡನೆಯ ಭಾಗದಲ್ಲಿ. ಪ್ರಾಣಿಗಳ ಅಂಗಗಳು ಆಕಸ್ಮಿಕವಾಗಿ ಕೂಡಿ, ಹೊಂದಿಕೆಯಾದವು ಉಳಿದವು ಎಂಬ ಎಂಪೆಡೋಕ್ಲಿಸನ ನೋಟವನ್ನು ಅವನು ಅಲ್ಲಿ ಎದುರಿಸುತ್ತಾನೆ. ಮುಂದಿನ ಹಲ್ಲು ಕತ್ತರಿಸಲು ಚೂಪಾಗಿ, ಹಿಂದಿನದು ಅರೆಯಲು ಅಗಲವಾಗಿ ಬರುವುದು ಯಾವಾಗಲೂ ಅಥವಾ ಬಹುತೇಕ ಹಾಗೆಯೇ ನಡೆಯುತ್ತದೆ. ಆಕಸ್ಮಿಕವಾದದ್ದು ಹೀಗೆ ಎಡೆಬಿಡದೆ ಒಂದೇ ಬಗೆಯಲ್ಲಿ ನಡೆಯಲಾರದು. ಆದ್ದರಿಂದ ಅದು ಒಂದು ಗುರಿಗಾಗಿ ನಡೆಯುವಂಥದು. ಇದು ಅವನ ತರ್ಕದ ಸರಣಿ.

ಲಿಗ್ನಿನ್ ಈ ಸರಣಿಯ ನಡುವಿನ ಕೊಂಡಿಯನ್ನೇ ಸಡಿಲಿಸುತ್ತದೆ. ಪ್ರತಿಯೊಂದು ಬೆಸುಗೆ ಬೇರೆ ಬೇರೆಯಾಗಿ ಆಕಸ್ಮಿಕ. ಹಾಗಿದ್ದೂ ಕೋಟಿಗಟ್ಟಲೆ ಬೆಸುಗೆಗಳು ಸೇರಿದಾಗ ಒಂದೇ ಜಾತಿಯ ಮರದಲ್ಲಿ, ಒಂದೇ ಬಗೆಯ ಅಂಗಾಂಶದಲ್ಲಿ, ಬಂಧಗಳ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಭಿತ್ತಿಯ ಬಿಗಿ, ನೀರನ್ನು ಒಲ್ಲದ ಗುಣ ಎರಡೂ ಪ್ರತಿ ಸಲ ಸಿಗುತ್ತವೆ. ಬಿಡಿಯಲ್ಲಿ ಯದೃಚ್ಛೆ, ಇಡಿಯಲ್ಲಿ ನಿಯಮ. ‘ಯಾವಾಗಲೂ ಹೀಗೆಯೇ ನಡೆಯುತ್ತದೆ, ಆದ್ದರಿಂದ ಇದರಲ್ಲಿ ಆಕಸ್ಮಿಕವಿಲ್ಲ’ ಎನ್ನುವಂತಿಲ್ಲ; ‘ಇದರಲ್ಲಿ ಆಕಸ್ಮಿಕವಿದೆ, ಆದ್ದರಿಂದ ಕ್ರಮವಿಲ್ಲ’ ಎನ್ನುವಂತೆಯೂ ಇಲ್ಲ.

ಕ್ರಮದ ಅಭಾವವೇ ಇಲ್ಲಿ ಉಪಯೋಗಕ್ಕೆ ಬಂದಿದೆ ಎಂಬುದೂ ಗಮನಿಸಬೇಕಾದ ಸಂಗತಿ. ಸೆಲ್ಯುಲೋಸಿನಂತೆ ಒಂದೇ ಬಂಧ ಮತ್ತೆ ಮತ್ತೆ ಬರುವ ಪಾಲಿಮರನ್ನು ಆ ಬಂಧಕ್ಕೆ ಹೊಂದುವ ಕಿಣ್ವವಿರುವ ಸೂಕ್ಷ್ಮಜೀವಿ ಸುಲಭವಾಗಿ ಕತ್ತರಿಸಬಲ್ಲದು. ಲಿಗ್ನಿನ್ನಿನಲ್ಲಿ ಹಾಗೆ ಹಿಡಿಯಲು ಒಂದು ನಿಶ್ಚಿತ ವಿನ್ಯಾಸವೇ ಇಲ್ಲ. ಅದನ್ನು ಚೆನ್ನಾಗಿ ಒಡೆಯಬಲ್ಲ ಬಿಳಿಕೊಳೆ ಶಿಲೀಂಧ್ರಗಳು ಅನುಸರಿಸುವುದು ಲಿಗ್ನಿನ್ ಕಟ್ಟಿಕೊಂಡ ದಾರಿಯನ್ನೇ. 1983ರಲ್ಲಿ ವರದಿಯಾದ ಅವುಗಳ ಲಿಗ್ನಿನ್ ಪೆರಾಕ್ಸಿಡೇಸ್ ಕೂಡ ಎಲೆಕ್ಟ್ರಾನ್ ಕಸಿದು ರ‍್ಯಾಡಿಕಲ್‌ಗಳನ್ನು ಹುಟ್ಟಿಸಿ, ಮುಂದಿನ ಒಡೆತವನ್ನು ರಾಸಾಯನಿಕ ಸ್ವಭಾವಕ್ಕೆ ಬಿಡುತ್ತದೆ.

ಪ್ರಯೋಜನ ಇರುವುದು ಯಾವ ಮಟ್ಟದಲ್ಲಿ?

ಲಿಗ್ನಿನ್‌ಗೆ ಪ್ರಯೋಜನವಿದೆ ಎಂಬುದರಲ್ಲಿ ಸಂದೇಹವಿಲ್ಲ. ಎಲೆಗಳಿಂದ ನೀರು ಆವಿಯಾದಾಗ ನಾಳದೊಳಗಿನ ನೀರಿನ ಕಂಬ ಸೆಳೆತಕ್ಕೆ ಸಿಕ್ಕಿ, ನಾಳದ ಭಿತ್ತಿಯನ್ನು ಒಳಕ್ಕೆ ಎಳೆಯುತ್ತದೆ. ಅರಾಬಿಡೋಪ್ಸಿಸ್ ಎಂಬ ಪ್ರಯೋಗಾಲಯದ ಗಿಡದಲ್ಲಿ, ಮಾನೋಲಿಗ್ನಾಲ್ ತಯಾರಿಯ ಒಂದು ಕಿಣ್ವ ಕೆಟ್ಟು ಲಿಗ್ನಿನ್ ಸುಮಾರು ಅರ್ಧಕ್ಕೆ ಇಳಿದಾಗ, ನಾಳಗಳು ಒಳಕ್ಕೆ ಕುಸಿದದ್ದು ಕಂಡುಬಂದಿದೆ. ಮೂರು ಲ್ಯಾಕೇಸ್ ಜೀನ್‌ಗಳನ್ನು ಒಟ್ಟಿಗೆ ಕೆಡಿಸಿದಾಗ ಲಿಗ್ನಿನ್ ಇಲ್ಲವೆನ್ನುವಷ್ಟಾಗಿ ಗಿಡದ ಬೆಳವಣಿಗೆಯೇ ನಿಂತಿತು.

ಆದರೆ ಪ್ರಯೋಜನವಿದೆ ಎಂದಮಾತ್ರಕ್ಕೆ ಅದರ ಪ್ರತಿ ಅಂಶವೂ ಆ ಪ್ರಯೋಜನಕ್ಕಾಗಿಯೇ ಹೀಗಿದೆ ಎನ್ನುವಂತಿಲ್ಲ. ಇದಕ್ಕೆ ಬಲವಾದ ಪ್ರಮಾಣ 2014ರ ಒಂದು ಸಂಶೋಧನೆ. ಮೀಥಾಕ್ಸಿ ಗುಂಪು ಸೇರಿಸುವ ದಾರಿ ಕೆಟ್ಟ ಅರಾಬಿಡೋಪ್ಸಿಸ್ ಗಿಡ ಕುಳ್ಳಾಗಿ ಉಳಿಯುತ್ತಿತ್ತು. ಮಾಮೂಲಿ ಲಿಗ್ನಿನ್ ಇಲ್ಲದ್ದೇ ಇದಕ್ಕೆ ಕಾರಣ ಎಂಬ ಊಹೆ ಸಹಜವಾಗಿತ್ತು. ಜೀನ್‌ಗಳ ಅಭಿವ್ಯಕ್ತಿಯನ್ನು ನಿಯಂತ್ರಿಸುವ ಒಂದು ಪ್ರೋಟೀನ್ ಸಂಕೀರ್ಣದ ಎರಡು ಭಾಗಗಳನ್ನು ತೆಗೆದಾಗ ಅದೇ ಗಿಡ ಬಹುಮಟ್ಟಿಗೆ ಸರಿಯಾಗಿ ಬೆಳೆಯಿತು. ಅದರ ಲಿಗ್ನಿನ್ ಮಾತ್ರ ಬಹುತೇಕ ಪೂರ್ತಿಯಾಗಿ ಪ್ಯಾರಾ-ಕೂಮರಿಲ್ ಘಟಕಗಳಿಂದಲೇ ಆಗಿತ್ತು. ಗಿಡವನ್ನು ಕುಳ್ಳಾಗಿಸಿದ್ದು ಲಿಗ್ನಿನ್ನಿನ ಬೇರೆ ಬಗೆಯ ರಚನೆಯಲ್ಲ, ಕೋಶದ ನಿಯಂತ್ರಣ ವ್ಯವಸ್ಥೆಯ ಪ್ರತಿಕ್ರಿಯೆ. ಪ್ರಕೃತಿಯಲ್ಲೂ ಇಂಥ ಸಡಿಲಿಕೆಗೆ ಸಾಕ್ಷಿಗಳಿವೆ. ಮಲೆನಾಡು, ಕೊಡಗಿನ ತೋಟಗಳಲ್ಲೂ ಬೆಳೆಯುವ ವೆನಿಲಾದ ಬೀಜದ ಸಿಪ್ಪೆಯಲ್ಲಿ ಕೆಫೀಲ್ ಆಲ್ಕೋಹಾಲ್ ಎಂಬ ಬೇರೆಯದೇ ಘಟಕದಿಂದಾದ ಲಿಗ್ನಿನ್ ಇದೆಯೆಂದು 2012ರಲ್ಲಿ ತಿಳಿಯಿತು. ಭಿತ್ತಿಗೆ ಯಾವ ಫೀನಾಲ್ ಬಂದರೂ, ಅದು ರ‍್ಯಾಡಿಕಲ್ ಆಗಬಲ್ಲದಾದರೆ, ಹೆಣಿಗೆಯಲ್ಲಿ ಸೇರಿಕೊಳ್ಳಬಲ್ಲದು.

ಹೀಗೆ ‘ಏಕೆ’ ಎಂಬ ಪ್ರಶ್ನೆಗೆ ಲಿಗ್ನಿನ್ನಿನಲ್ಲಿ ಮಟ್ಟಕ್ಕೊಂದು ಉತ್ತರ. ನಾಳಕ್ಕೆ ಬಿಗಿಯಾದ ಭಿತ್ತಿ ಏಕೆ ಎಂದರೆ, ನೀರು ಸಾಗಿಸಲು. ಇದು ಪ್ರಯೋಜನದ ಉತ್ತರ. ಈ ಕೋಶದಲ್ಲಿ, ಈಗಲೇ ಏಕೆ ಎಂದರೆ, ಈ ಜೀನ್‌ಗಳು ಚಾಲೂ ಆದದ್ದರಿಂದ. ಇದು ನಿಮಿತ್ತದ ಉತ್ತರ. ಬೀಟಾ-ಒ-4 ಬಂಧವೇ ಹೆಚ್ಚೇಕೆ ಎಂದರೆ, ರ‍್ಯಾಡಿಕಲ್‌ಗಳ ಸ್ವಭಾವ ಹಾಗಿರುವುದರಿಂದ. ಈ ಅಣುವಿನಲ್ಲಿ ಏಳನೆಯ ಬಂಧ ಬೀಟಾ-5 ಏಕಾಯಿತು ಎಂದರೆ, ಆ ಕ್ಷಣದಲ್ಲಿ ಆ ಎರಡು ರ‍್ಯಾಡಿಕಲ್‌ಗಳು ಹಾಗೆ ಎದುರಾದವು ಎನ್ನುವುದನ್ನು ಬಿಟ್ಟು ಬೇರೆ ಉತ್ತರವಿಲ್ಲ. ಒಂದು ಮಟ್ಟದ ಉತ್ತರವನ್ನು ಇನ್ನೊಂದು ಮಟ್ಟದ ಪ್ರಶ್ನೆಗೆ ಕೊಟ್ಟಾಗ ಗೊಂದಲ ಹುಟ್ಟುತ್ತದೆ.

ನಿರ್ಣಯ

ಸೃಷ್ಟಿಯ ಕ್ರಮವನ್ನು ನೋಡಿ ಈಶ್ವರನಿದ್ದಾನೆಂದು ತರ್ಕಿಸುವ ವಾದವೂ, ಸೃಷ್ಟಿಯ ಆಕಸ್ಮಿಕವನ್ನು ನೋಡಿ ಈಶ್ವರನನ್ನು ಅಲ್ಲಗಳೆಯುವ ವಾದವೂ ಬಹುಸಲ ಒಂದೇ ಪೂರ್ವಗ್ರಹದ ಮೇಲೆ ನಿಂತಿರುತ್ತವೆ: ಕ್ರಮವಿದ್ದಲ್ಲಿ ಆಕಸ್ಮಿಕವಿಲ್ಲ, ಆಕಸ್ಮಿಕವಿದ್ದಲ್ಲಿ ಕ್ರಮವಿಲ್ಲ. ಕೋಶಭಿತ್ತಿಯಲ್ಲಿ ಈ ಪೂರ್ವಗ್ರಹ ನಿಲ್ಲುವುದಿಲ್ಲ. ಹಾಗಾಗಿ ಲಿಗ್ನಿನ್ ಆಸ್ತಿಕನ ಪಕ್ಷವನ್ನೂ ಸಾಧಿಸುವುದಿಲ್ಲ, ನಾಸ್ತಿಕನ ಪಕ್ಷವನ್ನೂ ಸಾಧಿಸುವುದಿಲ್ಲ. ಇಬ್ಬರೂ ಬಳಸುವ ಒಂದು ದುರ್ಬಲ ಆಧಾರವನ್ನು ಮಾತ್ರ ಕಳಚುತ್ತದೆ.

ಜೈನ ದಾರ್ಶನಿಕ ಸಿದ್ಧಸೇನ ದಿವಾಕರ ತನ್ನ ಸನ್ಮತಿತರ್ಕದಲ್ಲಿ ಕಾಲ, ಸ್ವಭಾವ, ನಿಯತಿ, ಪೂರ್ವಕರ್ಮ, ಪುರುಷಪ್ರಯತ್ನ ಇವುಗಳಲ್ಲಿ ಯಾವುದೊಂದನ್ನೇ ಕಾರಣವೆಂದು ಹಿಡಿಯುವುದು ಮಿಥ್ಯಾತ್ವ, ಎಲ್ಲವನ್ನೂ ಕೂಡಿಸಿ ನೋಡುವುದು ಸಮ್ಯಕ್ತ್ವ ಎಂದು ನಿರ್ಣಯಿಸುತ್ತಾನೆ. ಅವನ ಪಟ್ಟಿಯಲ್ಲಿ ಯದೃಚ್ಛೆ ಇಲ್ಲ, ಗಿಡದಲ್ಲಿ ಪುರುಷಪ್ರಯತ್ನದ ಮಾತು ಬರುವುದಿಲ್ಲ. ಆದರೂ ಅವನ ವಿಧಾನ ಇಲ್ಲಿ ಸರಿಹೊಂದುತ್ತದೆ. ಘಟಕಗಳನ್ನು ನಿಯಮ ತಯಾರಿಸುತ್ತದೆ, ಕಾಲ-ಸ್ಥಳಗಳನ್ನು ಕೋಶ ಗೊತ್ತುಮಾಡುತ್ತದೆ, ಬಂಧಗಳ ಬಗೆಯನ್ನು ರಾಸಾಯನಿಕ ಸ್ವಭಾವ ಮಿತಿಗೊಳಿಸುತ್ತದೆ, ಆ ಮಿತಿಯೊಳಗಿನ ಆಯ್ಕೆಯನ್ನು ಯದೃಚ್ಛೆ ಮಾಡುತ್ತದೆ. ಈ ನಾಲ್ಕರಲ್ಲಿ ಯಾವುದೊಂದನ್ನು ಬಿಟ್ಟರೂ ಮರದ ಗಟ್ಟಿತನದ ವಿವರಣೆ ಪೂರ್ತಿಯಾಗುವುದಿಲ್ಲ.